ಲಿಂಗ ಅಸಮಾನತೆಯ ಮಾಪನ

ಹೆಣ್ಣು–ಗಂಡಿನ ನಡುವಣ ಅಂತರವನ್ನು ಅಂಕಿಗಳಲ್ಲಿ ಅಳೆಯುವ ವಿಧಾನಗಳು. ವಿಶ್ವ ಆರ್ಥಿಕ ವೇದಿಕೆಯ ಲಿಂಗ ಅಂತರ ಸೂಚ್ಯಂಕ 2006ರಲ್ಲಿ, ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಲಿಂಗ ಅಸಮಾನತೆ ಸೂಚ್ಯಂಕ 2010ರಲ್ಲಿ ಜಾರಿಗೆ ಬಂದವು. ವಿಶ್ವಸಂಸ್ಥೆಯದು ತಾಯಂದಿರ ಮರಣವನ್ನೂ ಹಿಡಿಯುವುದರಿಂದ ಬಡತನವನ್ನೇ ಅಸಮಾನತೆಯೆಂದು ಎಣಿಸುತ್ತದೆ ಎಂಬ ಆಕ್ಷೇಪವಿದೆ. ವೇದಿಕೆಯದು ಅಂತರವನ್ನಷ್ಟೇ ನೋಡುತ್ತದೆ. ಹೆಣ್ಣು ಮುಂದಿರುವ ಕಡೆಯನ್ನೂ ಬಹುಮಟ್ಟಿಗೆ ಸಮಾನತೆಯೆಂದೇ ಬರೆದುಕೊಳ್ಳುತ್ತದೆ.

ದಕ್ಷಿಣ ಕನ್ನಡ ಜಿಲ್ಲೆ ಈ ಚರ್ಚೆಗೆ ತಕ್ಕ ನಿದರ್ಶನ. 2011ರ ಜನಗಣತಿಯಂತೆ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,020 ಹೆಂಗಸರು. ಆರು ವರ್ಷದವರೆಗಿನ ಮಕ್ಕಳಲ್ಲಿ ಮಾತ್ರ ಹುಡುಗಿಯರೇ ಕಡಿಮೆ. ಇಲ್ಲಿನ ಅಳಿಯಸಂತಾನ ಪದ್ಧತಿಯಲ್ಲಿ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಹರಿದರೂ ಯಜಮಾನಿಕೆ ಹೆಚ್ಚಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು. ಇಂಥ ಭೇದ ಈ ಎರಡು ಸೂಚ್ಯಂಕಗಳಿಗೂ ದಕ್ಕುವುದಿಲ್ಲ.

ಅಡುಗೆಯ ನಡುವೆ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವ, ಮನೆಯ ಅಡಿಕೆ ಸುಲಿಯುವ ಹೆಂಗಸಿನ ದುಡಿಮೆ ಗಣತಿದಾರರ ಪ್ರಶ್ನೆಗೆ ‘ಮನೆಯಲ್ಲೇ ಇದ್ದಾಳೆ’ ಎಂಬ ಉತ್ತರ ಬಂದರೆ ಮರೆಯಾಗುತ್ತದೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ಈ ಕೊರತೆಯನ್ನು ಕೊಂಚ ತುಂಬಿತು: ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಅಧಿಕಾರದ ಅಳತೆಯಲ್ಲೂ ಇಂಥ ಕೊರತೆಯಿದೆ: ಎರಡೂ ಸೂಚ್ಯಂಕಗಳು ಸಂಸತ್ತಿನ ಸ್ಥಾನಗಳನ್ನು ಎಣಿಸುತ್ತವೆ. ಕರ್ನಾಟಕದ ಗ್ರಾಮ ಪಂಚಾಯತಿಗಳಲ್ಲಿ ಮಹಿಳೆಯರಿಗಿರುವ ಶೇ. 50 ಮೀಸಲಾತಿ ಅವುಗಳ ಲೆಕ್ಕಕ್ಕೆ ಬರುವುದಿಲ್ಲ.