ಒಂದು ಸ್ಟೇಡಿಯಂ, ಮೂರು ಸಲ, ನಮ್ಮ ದುಡ್ಡು

ಪೋಸ್ಟ್ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಪೂರ್ತಿ ಓದಿ.

ದೆಹಲಿಯ ಜವಾಹರಲಾಲ್ ನೆಹರೂ ಸ್ಟೇಡಿಯಂ ಕೆಡವಿ, ಆ 102 ಎಕರೆಯಲ್ಲಿ 'ಸ್ಪೋರ್ಟ್ಸ್ ಸಿಟಿ' ಕಟ್ಟುವ ಯೋಜನೆ ಇದೆ ಅಂತ 2025ರ ನವೆಂಬರಿನಲ್ಲಿ ಸುದ್ದಿ ಬಂತು. ಕತಾರ್ ಮತ್ತು ಆಸ್ಟ್ರೇಲಿಯಾದ ಮಾದರಿ ನೋಡ್ತಿದ್ದಾರಂತೆ. ಮೂಡಿಗೆರೆ ಸೀಮೆಯ ಗುಮಾಸ್ತನಿಗೆ ದೆಹಲಿ ಸ್ಟೇಡಿಯಂ ಉಸಾಬರಿ ಯಾಕೆ ಅಂತ ನೀವು ಕೇಳಬಹುದು. ಆ ಸ್ಟೇಡಿಯಂ ಆಗಲೇ ಎರಡು ಸಲ ಎದ್ದು ನಿಂತಿದೆ. ಎರಡು ಸಲವೂ ನಮ್ಮವರ ಪಾಲು ಅದರಲ್ಲಿ ಹೂತು ಹೋಗಿದೆ. ಒಂದು ಸಲ ಬೆವರು, ಇನ್ನೊಂದು ಸಲ ಬೆವರಿನ ಜೊತೆ ದುಡ್ಡೂ.

ಮೊದಲನೇ ಸಲ 1982. ಏಷ್ಯನ್ ಗೇಮ್ಸ್ ದೆಹಲಿಗೆ ಬಂತು. ಸ್ಟೇಡಿಯಂ, ಫ್ಲೈಓವರ್, ಹೋಟೆಲ್, ಈಜುಕೊಳ ಎಲ್ಲಾ ಒಟ್ಟಿಗೆ ಏಳಬೇಕು. ರಾಜಸ್ಥಾನ, ಉತ್ತರ ಪ್ರದೇಶ, ಒಡಿಶಾ ಕಡೆಯಿಂದ ಜಮಾದಾರರು ಆಳು ತಂದರು. ಕನಿಷ್ಠ ಕೂಲಿ ದಿನಕ್ಕೆ 9 ರೂಪಾಯಿ 25 ಪೈಸೆ. ಜಮಾದಾರ ತಲೆಗೆ 1 ರೂಪಾಯಿ ಕಮಿಷನ್ ಹಿಡ್ಕೊಂಡು 8 ರೂಪಾಯಿ 25 ಪೈಸೆ ಕೈಗಿಡುತ್ತಿದ್ದ. ಹೆಂಗಸರಿಗೆ ಬರೀ 7 ರೂಪಾಯಿ ಸಿಗ್ತಿದೆ ಅನ್ನೋ ದೂರೂ ಇತ್ತು. ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಸಂಘಟನೆ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಪಿ.ಎನ್. ಭಗವತಿಯವರಿಗೆ ಒಂದು ಪತ್ರ ಬರೆಯಿತು. ಆ ಪತ್ರವನ್ನೇ ಕೋರ್ಟು ರಿಟ್ ಅರ್ಜಿ ಅಂತ ತೆಗೆದುಕೊಂಡಿತು.

1982ರ ಸೆಪ್ಟೆಂಬರಿನಲ್ಲಿ ತೀರ್ಪು ಬಂತು. ಕನಿಷ್ಠ ಕೂಲಿಗಿಂತ ಕಮ್ಮಿ ಕೊಟ್ಟು ದುಡಿಸಿಕೊಂಡರೆ ಅದು ಸಂವಿಧಾನದ 23ನೇ ವಿಧಿ ನಿಷೇಧಿಸಿರುವ ಬಿಟ್ಟಿ ದುಡಿಮೆ. ಹೊಡೆದು ಬಡಿದು ಮಾಡಿಸಿದ್ದು ಮಾತ್ರ ಬಲವಂತ ಅಲ್ಲ, ಹಸಿವು ದೂಡಿ ಮಾಡಿಸಿದ್ದೂ ಬಲವಂತವೇ ಅಂತ ಕೋರ್ಟು ಹೇಳಿತು. ಇವತ್ತಿಗೂ ದೇಶದ ಯಾವ ಮೂಲೆಯ ಕೂಲಿಯೂ ಹಿಡಿದು ನಿಲ್ಲಬಹುದಾದ ತೀರ್ಪು ಇದು.

ನಮ್ಮ ಘಟ್ಟದ ಜನಕ್ಕೆ ಜಮಾದಾರ ಅಂದ್ರೆ ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಅವನ ಹೆಸರು ಮೇಸ್ತ್ರಿ. ಬ್ರಿಟಿಷ್ ಪ್ಲಾಂಟರ್‌ಗಳ ಕಾಲದಲ್ಲಿ ಕೆಳಗಿನ ಸೀಮೆಯಿಂದ, ತಮಿಳುನಾಡಿನಿಂದ ಮುಂಗಡ ಕೊಟ್ಟು ಆಳು ಹತ್ತಿಸಿ ತಂದು, ತಲೆಗಿಷ್ಟು ಅಂತ ಕಮಿಷನ್ ತಿಂದವನು. ಮುಂಗಡ ತಗೊಂಡವನು ಕೆಲಸ ಬಿಟ್ಟು ಹೋದರೆ ಜೈಲಿಗೆ ಹಾಕೋಕೆ 1859ರ ಕಾನೂನೇ ಇತ್ತು. ದೆಹಲಿಯಲ್ಲಿ ಸಿಮೆಂಟು, ಇಲ್ಲಿ ಕಾಫಿ. ಕಮಿಷನ್ ಮಾತ್ರ ಒಂದೇ.

ಎರಡನೇ ಸಲ 2010. ಕಾಮನ್‌ವೆಲ್ತ್ ಗೇಮ್ಸ್. ಅದೇ ಸ್ಟೇಡಿಯಮ್ಮಿಗೆ ಹೊಸ ರೂಪ. ವಿನ್ಯಾಸ ಜರ್ಮನಿಯ ಹ್ಯಾಂಬರ್ಗಿನ ಜಿಎಂಪಿ ಸಂಸ್ಥೆಯದ್ದು, ಛಾವಣಿಯ ಎಂಜಿನಿಯರಿಂಗ್ ಶ್ಲೈಷ್ ಬೆರ್ಗರ್‌ಮನ್ ಸಂಸ್ಥೆಯದ್ದು. ಸೈಕಲ್ ಚಕ್ರ ನೆನಪು ಮಾಡ್ಕೊಳ್ಳಿ. ಹೊರಗೆ ಒಂದು ಗಟ್ಟಿ ಉಕ್ಕಿನ ಬಳೆ, ಒಳಗೆ ಇನ್ನೊಂದು ಬಳೆ, ನಡುವೆ ಕಡ್ಡಿಗಳ ಹಾಗೆ ಬಿಗಿದು ಎಳೆದ ಕೇಬಲ್‌ಗಳು. ಅದರ ಮೇಲೆ ಬಿಳಿ ಪರದೆ. ನೋಡುವವರಿಗೆ ಎದುರು ಒಂದೇ ಒಂದು ಕಂಬ ಅಡ್ಡ ಬರಲ್ಲ. ಚೆಂದದ ಕೆಲಸ, ಇಲ್ಲ ಅನ್ನಲ್ಲ. 2017ರ ಅಕ್ಟೋಬರ್ 9ರಂದು ಕೊಲಂಬಿಯಾ ವಿರುದ್ಧ ಮಣಿಪುರದ ಹುಡುಗ ಜೀಕ್ಸನ್ ಸಿಂಗ್ ತಲೆಯಿಂದ ಗುದ್ದಿ ಹೊಡೆದ ಗೋಲು, ಫಿಫಾ ವಿಶ್ವಕಪ್ ಟೂರ್ನಿಗಳಲ್ಲಿ ಭಾರತದ ಮೊಟ್ಟಮೊದಲ ಗೋಲು, ಬಿದ್ದಿದ್ದು ಈ ಛಾವಣಿ ಕೆಳಗೇ. 17 ವರ್ಷದೊಳಗಿನವರ ಟೂರ್ನಿ ಅದು.

ಛಾವಣಿ ಕೆಳಗಿನ ಲೆಕ್ಕ ಬೇರೆ ಇದೆ. ಗೇಮ್ಸ್ ಶುರುವಾಗೋಕೆ ಎರಡು ವಾರ ಇರುವಾಗ ಸ್ಟೇಡಿಯಂ ಪಕ್ಕದ ಕಾಲುಸೇತುವೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಕೂಲಿಗಳು ಗಾಯಗೊಂಡರು. ಗೇಮ್ಸ್ ಕಾಮಗಾರಿಗಳ ಕೂಲಿ ಪರಿಸ್ಥಿತಿ ಬಗ್ಗೆ ಅದೇ ಪಿಯುಡಿಆರ್ ಮತ್ತೆ ಕೋರ್ಟಿಗೆ ಹೋಗಬೇಕಾಯ್ತು, ಈ ಸಲ ದೆಹಲಿ ಹೈಕೋರ್ಟಿಗೆ. 28 ವರ್ಷ ಆದಮೇಲೂ ಅದೇ ಕನಿಷ್ಠ ಕೂಲಿಯ ಪ್ರಶ್ನೆ.

ಇದಕ್ಕಿಂತ ದೊಡ್ಡದು ದುಡ್ಡಿನ ಕಥೆ. ಪರಿಶಿಷ್ಟ ಜಾತಿಗಳಿಗೆ ವಿಶೇಷ ಘಟಕ ಯೋಜನೆ ಬಂದಿದ್ದು 1979-80ರ ಹೊತ್ತಿಗೆ. ತತ್ವ ಸರಳ: ಜನಸಂಖ್ಯೆಯಲ್ಲಿ ನಮ್ಮ ಪಾಲೆಷ್ಟೋ ಯೋಜನೆಯ ದುಡ್ಡಿನಲ್ಲೂ ಅಷ್ಟು ಪಾಲು. ಅದನ್ನ ಬೇರೆ ಕಡೆ ತಿರುಗಿಸಬಾರದು. ಹಾಗಿದ್ದೂ ದೆಹಲಿ ಸರ್ಕಾರ 2006ರಿಂದ 2010ರ ನಡುವೆ ಈ ಬಾಬ್ತಿನ ಸುಮಾರು 700 ಕೋಟಿ ರೂಪಾಯಿಯನ್ನ ಗೇಮ್ಸ್ ಲೆಕ್ಕಕ್ಕೆ ತಿರುಗಿಸಿತ್ತು. ಇದು ಹೊರಗೆ ಬಂದಿದ್ದು ಮಾಹಿತಿ ಹಕ್ಕಿನ ಅರ್ಜಿಯಿಂದ. ದಲಿತ ಸಂಘಟನೆಗಳು ಬೀದಿಗಿಳಿದವು. ಕೊನೆಗೆ ಆಗಿನ ಗೃಹ ಸಚಿವ ಪಿ. ಚಿದಂಬರಂ ಸಂಸತ್ತಿನಲ್ಲೇ ಹೀಗೆ ತಿರುಗಿಸಿದ್ದು ತಪ್ಪು ಅಂತ ಒಪ್ಪಿಕೊಂಡರು.

ನಾನು ಕಚೇರಿಯಲ್ಲಿ ಕೂತು ಕಡತ ನೋಡೋನು. ಇದು ಹೇಗೆ ನಡೆಯುತ್ತೆ ಅಂತ ಹೇಳ್ತೀನಿ ಕೇಳಿ. ಯಾರೂ ಗೋಣಿಚೀಲದಲ್ಲಿ ನೋಟು ಹೊತ್ತುಕೊಂಡು ಹೋಗಲ್ಲ. ಲೆಕ್ಕ ಶೀರ್ಷಿಕೆ ಅಂತ ಒಂದು ನಂಬರ್ ಇರುತ್ತೆ. ಒಂದು ಕಾಮಗಾರಿಯನ್ನ ಆ ನಂಬರ್ ಕೆಳಗೆ ತೋರಿಸಿದರೆ ಸಾಕು. 'ದಲಿತರೂ ಈ ರಸ್ತೆಯಲ್ಲಿ ಓಡಾಡ್ತಾರಲ್ಲ' ಅಂತ ಒಂದು ವಾಕ್ಯದ ಟಿಪ್ಪಣಿ. ಮುಗೀತು. ಹಾಸ್ಟೆಲ್‌ಗೆ ಹೋಗಬೇಕಾದ ದುಡ್ಡು ಫ್ಲೈಓವರ್‌ಗೆ ಹೋಗುತ್ತೆ, ವರ್ಷದ ಕೊನೆಗೆ 'ಶೇಕಡಾ 100 ಪ್ರಗತಿ' ಅಂತ ವರದಿಯೂ ಆಗುತ್ತೆ.

ನಮ್ಮ ರಾಜ್ಯ ಸಾಚಾ ಅಂದ್ಕೋಬೇಡಿ. ಕರ್ನಾಟಕದಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ ಕಾಯ್ದೆ 2013ರಲ್ಲಿ ಬಂತು. ಪರಿಶಿಷ್ಟ ಜಾತಿ, ಪಂಗಡ ಸೇರಿ ಶೇಕಡಾ 24.1ರ ಪಾಲಿಗೆ ಕಾನೂನಿನ ಬಲ ಸಿಕ್ಕಿತು. ಒಳ್ಳೆಯ ಕಾಯ್ದೆ. ಆದರೆ ಅದರೊಳಗೇ 7ಡಿ ಅನ್ನೋ ಒಂದು ಕಂಡಿ ಇತ್ತು. ಎಲ್ಲರಿಗೂ ಸೇರಿದ ದೊಡ್ಡ ಕಾಮಗಾರಿಯ ಒಂದು ಭಾಗವನ್ನ 'ದಲಿತರಿಗೆ ಖರ್ಚಾಯ್ತು ಎಂದು ಭಾವಿಸುವ' ಅವಕಾಶ. ಹತ್ತು ವರ್ಷ ಹೋರಾಡಿದ ಮೇಲೆ 2023ರಲ್ಲಿ 7ಡಿ ರದ್ದಾಯ್ತು. ಅದೇ ವರ್ಷ 11 ಸಾವಿರ ಕೋಟಿಗೂ ಹೆಚ್ಚು ಎಸ್‌ಸಿಎಸ್‌ಪಿ-ಟಿಎಸ್‌ಪಿ ದುಡ್ಡನ್ನ ಗ್ಯಾರಂಟಿ ಯೋಜನೆಗಳ ಲೆಕ್ಕಕ್ಕೆ ಹಾಕಿದರು. ಒಂದು ಕಂಡಿ ಮುಚ್ಚಿದರೆ ಪಕ್ಕದಲ್ಲೇ ಇನ್ನೊಂದು.

ಈಗ ಕತಾರ್ ಮಾದರಿ ಅಂತಾರೆ. ಆ ಮಾದರಿಯನ್ನೂ ಪೂರ್ತಿ ನೋಡೋಣ. 2022ರ ವಿಶ್ವಕಪ್ ಫೈನಲ್ ನಡೆದ ಲುಸೈಲ್ ಸ್ಟೇಡಿಯಂನ ವಿನ್ಯಾಸ ಲಂಡನ್ನಿನ ಫಾಸ್ಟರ್ ಸಂಸ್ಥೆಯದ್ದು, ಕಟ್ಟಿದ್ದು ಕತಾರ್ ಮತ್ತು ಚೀನಾದ ಕಂಪನಿಗಳು. ಅಹ್ಮದ್ ಬಿನ್ ಅಲಿ ಸ್ಟೇಡಿಯಂ ಕಟ್ಟಿದ್ದರಲ್ಲಿ ನಮ್ಮ ಎಲ್ ಅಂಡ್ ಟಿ ಕೂಡ ಪಾಲುದಾರ. ಇಟ್ಟಿಗೆ ಹೊತ್ತವರು ಭಾರತ, ನೇಪಾಳ, ಬಾಂಗ್ಲಾದವರು. ಮಾಲೀಕನ ಒಪ್ಪಿಗೆ ಇಲ್ಲದೆ ಕೆಲಸ ಬದಲಿಸೋ ಹಾಗಿರಲಿಲ್ಲ. ಜಗತ್ತೆಲ್ಲ ಛೀಮಾರಿ ಹಾಕಿದ ಮೇಲೆ 2020ರಲ್ಲಿ ಆ ನಿಯಮ ಹೋಯ್ತು, 2021ರಲ್ಲಿ ತಿಂಗಳಿಗೆ 1,000 ರಿಯಾಲ್ ಕನಿಷ್ಠ ಕೂಲಿ ಬಂತು. ಅಂದ್ರೆ ಕೇಳಿದರೆ ಬದಲಾಗುತ್ತೆ. ವಿದೇಶಿ ಪಾಲುದಾರರ ಡ್ರಾಯಿಂಗ್ ತರುವಾಗ ಈ ಪಾಠವನ್ನೂ ತರ್ತಾರಾ ಅನ್ನೋದೇ ಪ್ರಶ್ನೆ.

ಫುಟ್‌ಬಾಲ್ ವಿರೋಧಿ ಅಂತ ನನ್ನ ಮೇಲೆ ಬೀಳಬೇಡಿ. ಬೆಂಗಳೂರಿನ ಹಲಸೂರು ಪಕ್ಕದ ಗೌತಮಪುರಕ್ಕೆ ಹೋಗಿ ನೋಡಿ. ಅಲ್ಲಿ ಬಾಬಾಸಾಹೇಬರ ಪ್ರತಿಮೆಯ ಜೊತೆಗೇ ಪೆಲೆಯ ಪ್ರತಿಮೆ ಇದೆ. ಒಂದು ಚೆಂಡು ಇದ್ದರೆ ಇಪ್ಪತ್ತೆರಡು ಜನ ಆಡಬಹುದಾದ ಆಟ ನಮ್ಮ ಕೇರಿಗಳ ಆಟವೇ.

ಆದರೆ ಮೂಡಿಗೆರೆ, ಕಳಸದ ಲೈನ್ ಮನೆ ಮಕ್ಕಳು ಎಲ್ಲಿ ಆಡ್ತಾರೆ? ಈ ಗುಡ್ಡಗಳಲ್ಲಿ ಮಟ್ಟಸ ಜಾಗ ಅಂದ್ರೆ ಕಾಫಿ ಕಣ. ಕುಯ್ಲು ಮುಗಿದು ಕಣ ಖಾಲಿ ಆದಮೇಲೆ, ಅದೂ ಸಾಹುಕಾರರು ಬೈಯದಿದ್ದರೆ. 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆಯ 13ನೇ ಸೆಕ್ಷನ್ ಕಾರ್ಮಿಕರಿಗೆ, ಮಕ್ಕಳಿಗೆ ಆಟ-ಮನರಂಜನೆ ಸೌಲಭ್ಯದ ಮಾತಾಡಿತ್ತು. ಎಪ್ಪತ್ತು ವರ್ಷದಲ್ಲಿ ಎಷ್ಟು ತೋಟದಲ್ಲಿ ಒಂದು ಗೋಲ್ ಕಂಬ ನೋಡಿದ್ದೀರಿ?

ಅದಕ್ಕೇ ಹೇಳ್ತಿರೋದು. ನಿಮ್ಮ ತಾಲ್ಲೂಕಿನ ಎಸ್‌ಸಿಎಸ್‌ಪಿ-ಟಿಎಸ್‌ಪಿ ಸಭೆ ಯಾವಾಗ ಅಂತ ಕೇಳಿ. ಹೋಗಿ. ಕಾಮಗಾರಿ ಪಟ್ಟಿ ಮಾತ್ರ ಸಾಲದು, ಪ್ರತಿ ಕಾಮಗಾರಿಯ ಮುಂದೆ ಲೆಕ್ಕ ಶೀರ್ಷಿಕೆ, ಫಲಾನುಭವಿ ಕಾಲೊನಿಯ ಹೆಸರು ಬರೆಸಿ. ಕೊಡಲಿಲ್ಲ ಅಂದ್ರೆ ಹತ್ತು ರೂಪಾಯಿಯ ಮಾಹಿತಿ ಹಕ್ಕಿನ ಅರ್ಜಿ. ದೆಹಲಿಯ 700 ಕೋಟಿ ಬಯಲಿಗೆ ಬಂದಿದ್ದೂ ಅಂಥ ಅರ್ಜಿಯಿಂದಲೇ. ಅರ್ಜಿ ಬರೆಯೋಕೆ ಬರಲ್ಲ ಅನ್ನೋರು ಇನ್‌ಬಾಕ್ಸ್‌ಗೆ ಬನ್ನಿ, ನಾನು ಬರೆದುಕೊಡ್ತೀನಿ.

ಜೈ ಭೀಮ್.