ತಪ್ಪು ಕಾಗುಣಿತದ ‘ಸರಿ’

‘ಓಕೆ’ ಎಂಬ ಎರಡಕ್ಷರದ ಮಾತು ಇಂದು ನಮ್ಮ ಬೀದಿಬೀದಿಯಲ್ಲಿ ಓಡಾಡುತ್ತಿದೆ. ಇಂಗ್ಲಿಷಿನ ಗಂಧವಿಲ್ಲದವರೂ ಅದನ್ನು ಆಡುತ್ತಾರೆ. ಆಡುವಾಗ ಪರಭಾಷೆಯ ಮಾತನ್ನು ಆಡುತ್ತಿದ್ದೇವೆಂಬ ಭಾವನೆಯೂ ಅವರಿಗಿರುವುದಿಲ್ಲ. ಅದರ ಮೂಲಾರ್ಥ ‘ಎಲ್ಲವೂ ಸರಿಯಾಗಿದೆ’ ಎಂದು. ಆದರೆ ಈ ಪದದ ಜಾತಕ ತೆಗೆದು ನೋಡಿದರೆ, ಅದು ಹುಟ್ಟಿದ್ದೇ ಒಂದು ತಪ್ಪಿನಿಂದ. ಅದೂ ಕೈತಪ್ಪಿ ಆದ ತಪ್ಪಲ್ಲ. ನಗುವುದಕ್ಕೆಂದು ಬೇಕೆಂದೇ ಮಾಡಿದ ತಪ್ಪು.

೧೮೩೦ರ ದಶಕದ ಕೊನೆಯಲ್ಲಿ ಅಮೆರಿಕದ ಬಾಸ್ಟನ್ ನಗರದ ಪತ್ರಿಕೆಯವರಿಗೆ ಒಂದು ಗೀಳು ಹಿಡಿದಿತ್ತು. ಮಾತುಗಳ ಮೊದಲಕ್ಷರಗಳನ್ನಷ್ಟೇ ಅಚ್ಚುಹಾಕಿ ಓದುಗರನ್ನು ತಬ್ಬಿಬ್ಬು ಮಾಡುವುದು ಅವರ ವಿನೋದ. ಅಷ್ಟಕ್ಕೇ ತೃಪ್ತರಾಗದೆ, ಕಾಗುಣಿತ ಬಾರದ ಹಳ್ಳಿಗ ಬರೆದಂತೆ ಅಕ್ಷರಗಳನ್ನು ತಿರುಚತೊಡಗಿದರು. ೧೮೩೯ನೆಯ ಇಸವಿ ಮಾರ್ಚ್ ೨೩ರ ‘ಬಾಸ್ಟನ್ ಮಾರ್ನಿಂಗ್ ಪೋಸ್ಟ್’ ಪತ್ರಿಕೆಯ ಒಂದು ಹಾಸ್ಯ ಬರಹದಲ್ಲಿ ‘ಓ.ಕೆ.’ ಕಾಣಿಸಿಕೊಂಡಿತು, ಪಕ್ಕದಲ್ಲೇ ‘ಆಲ್ ಕರೆಕ್ಟ್’ ಎಂಬ ವಿವರಣೆಯೂ ಇತ್ತು. ‘ಆಲ್’ ಎನ್ನುವುದಕ್ಕೆ ‘ಎ’ ಬದಲು ‘ಓ’, ‘ಕರೆಕ್ಟ್’ ಎನ್ನುವುದಕ್ಕೆ ‘ಸಿ’ ಬದಲು ‘ಕೆ’. ‘ಸರಿ’ ಎನ್ನುವ ಮಾತಿನಲ್ಲಿ ಒಂದಕ್ಷರವೂ ಸರಿಯಿಲ್ಲ, ತಮಾಷೆಯೆಲ್ಲ ಇಷ್ಟೇ.

ಅದರ ಜೊತೆಗೆ ಹುಟ್ಟಿದ ಇಂಥ ಮಾತುಗಳು ಬಹುಪಾಲು ಮಳೆಗಾಲದ ಹುಳುಗಳಂತೆ ಬಂದು ಹೋದವು. ಇದೊಂದು ಮಾತ್ರ ಹೇಗೆ ಬದುಕಿತು? ಅದಕ್ಕೆ ಆಸರೆಯಾದದ್ದು ಚುನಾವಣೆ. ಅಧ್ಯಕ್ಷನಾಗಿದ್ದ ಮಾರ್ಟಿನ್ ವಾನ್ ಬ್ಯೂರನ್ ೧೮೪೦ರಲ್ಲಿ ಎರಡನೆಯ ಸಲ ಉಮೇದುವಾರನಾಗಿ ನಿಂತ. ಆತ ಹುಟ್ಟಿದ್ದು ನ್ಯೂಯಾರ್ಕ್ ರಾಜ್ಯದ ಕಿಂಡರ್‌ಹುಕ್ ಎಂಬ ಊರಿನಲ್ಲಿ. ಬೆಂಬಲಿಗರು ಆತನನ್ನು ‘ಓಲ್ಡ್ ಕಿಂಡರ್‌ಹುಕ್’ ಎಂದು ಕರೆದು, ‘ಓ.ಕೆ. ಕ್ಲಬ್’ ಕಟ್ಟಿದರು. ಎದುರು ಪಕ್ಷದವರು ಸುಮ್ಮನಿದ್ದಾರೆಯೆ? ವಾನ್ ಬ್ಯೂರನ್ನನ ಹಿಂದಿನ ಅಧ್ಯಕ್ಷ, ಅವನ ರಾಜಕೀಯ ಗುರು ಆಂಡ್ರೂ ಜಾಕ್ಸನ್ನನನ್ನು ಎಳೆದು ತಂದರು. ಜಾಕ್ಸನ್ ಅನಕ್ಷರಸ್ಥ, ಸರ್ಕಾರದ ಕಾಗದಪತ್ರಗಳ ಮೇಲೆ ‘ಆಲ್ ಕರೆಕ್ಟ್’ ಎಂದು ಬರೆಯಲು ಹೋಗಿ ‘ಓ.ಕೆ.’ ಎಂದು ಗೀಚುತ್ತಿದ್ದ ಎಂದು ಕಥೆ ಕಟ್ಟಿದರು.

ಜಾಕ್ಸನ್ ಹುಟ್ಟುವ ಮೊದಲೇ ತಂದೆಯನ್ನು, ಹದಿನಾಲ್ಕರಲ್ಲಿ ತಾಯಿಯನ್ನು ಕಳೆದುಕೊಂಡವನು. ಶಾಲೆಯ ಓದು ಅಷ್ಟಕ್ಕಷ್ಟೆ. ಆದರೂ ಕಾನೂನು ಕಲಿತು ವಕೀಲನಾಗಿ, ನ್ಯಾಯಾಧೀಶನಾಗಿ, ದಳಪತಿಯಾಗಿ ಮೇಲೆ ಬಂದವನು. ಅವನ ಕಾಗುಣಿತ ಅಲ್ಲಲ್ಲಿ ತಪ್ಪುತ್ತಿದ್ದುದು ನಿಜ. ಆದರೆ ಈ ಕಥೆ ಮಾತ್ರ ಶುದ್ಧ ಕಟ್ಟುಕಥೆ. ಸುಳ್ಳಿಗೆ ಸಾಕ್ಷಿಗಳೂ ಹುಟ್ಟಿಕೊಂಡವು. ಇಂದಿನ ಟೆನ್ನೆಸ್ಸೀ ರಾಜ್ಯದ ೧೭೯೦ರ ಕೋರ್ಟಿನ ದಾಖಲೆಯೊಂದರಲ್ಲಿ ಜಾಕ್ಸನ್ನನ ಹೆಸರಿನ ಜೊತೆ ‘ಓ.ಕೆ.’ ಇದೆಯೆಂದು ತೋರಿಸಿದರು. ಕಣ್ಣಿಟ್ಟು ನೋಡಿದವರು ಹೇಳಿದ್ದು, ಅದು ‘ಓ.ಆರ್.’ ಎಂದು, ಎಂದರೆ ‘ದಾಖಲಿಸಲು ಆಜ್ಞೆಯಾಗಿದೆ’ ಎನ್ನುವುದರ ಗುಮಾಸ್ತೆಯ ಸಂಕ್ಷೇಪ. ಓದುಬರಹ ಬಲ್ಲವರು ಬಾರದವರನ್ನು ನೋಡಿ ನಕ್ಕ ನಗೆ, ಹೀಗೆ ನೂರು ವರ್ಷ ಇತಿಹಾಸದ ವೇಷದಲ್ಲಿ ಓಡಾಡಿತು. ನನಗೆ ಈ ಪದದ ಚರಿತ್ರೆಯಲ್ಲಿ ಮನಸ್ಸಿಗೆ ನಾಟುವ ಭಾಗ ಇದೇ.

ಮುಂದೆ ಇದಕ್ಕೆ ತದ್ವಿರುದ್ಧವಾದ ಪ್ರಸಂಗವೊಂದು ನಡೆಯಿತು. ೧೯೧೩ರಿಂದ ೧೯೨೧ರವರೆಗೆ ಅಧ್ಯಕ್ಷನಾಗಿದ್ದ ವುಡ್ರೋ ವಿಲ್ಸನ್ ಪ್ರಾಧ್ಯಾಪಕನಾಗಿದ್ದವನು, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯವನ್ನು ನಡೆಸಿದವನು. ಈ ಪದ ಚೋಕ್ಟಾ ಎಂಬ ಮೂಲನಿವಾಸಿಗಳ ಭಾಷೆಯಿಂದ ಬಂದಿದೆಯೆಂಬ ವಾದವನ್ನು ನಂಬಿ, ಆತ ಕಡತಗಳ ಮೇಲೆ ‘ಓಕೇಹ್’ ಎಂದೇ ಬರೆಯುತ್ತಿದ್ದ. ವ್ಯುತ್ಪತ್ತಿಯೇ ತಪ್ಪಾದ್ದರಿಂದ ಆ ಪಾಂಡಿತ್ಯದ ಕಾಗುಣಿತವೂ ತಪ್ಪು! ವಿಲ್ಸನ್ನನನ್ನು ನೋಡಿ ಯಾರೂ ಜಾಕ್ಸನ್ನನನ್ನು ನೋಡಿ ನಕ್ಕಂತೆ ನಗಲಿಲ್ಲ. ಇನ್ನೊಂದು ಮಾತನ್ನು ಮರೆಯುವಂತಿಲ್ಲ: ಅದೇ ಚೋಕ್ಟಾ ಜನರನ್ನು ಅವರ ನೆಲದಿಂದ ಪಶ್ಚಿಮಕ್ಕೆ ಅಟ್ಟಿದ ೧೮೩೦ರ ಕಾನೂನಿಗೆ ಸಹಿ ಹಾಕಿದವನು ಜಾಕ್ಸನ್. ಅವನ ನಿಜವಾದ ಅಪರಾಧ ಕಾಗುಣಿತದ್ದಲ್ಲ.

ಗ್ರೀಕಿನಿಂದ ಬಂತು, ಫ್ರೆಂಚಿನಿಂದ ಬಂತು ಎಂದು ವಾದಿಸಿದವರಿಗೂ ಕೊರತೆಯಿರಲಿಲ್ಲ. ಕೊನೆಗೆ ಗಂಟು ಬಿಡಿಸಿದವನು ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ವಾಕರ್ ರೀಡ್. ಹಳೆಯ ಪತ್ರಿಕೆಗಳನ್ನು ಪುಟಪುಟವಾಗಿ ಜಾಲಿಸಿ, ೧೯೬೩ ಮತ್ತು ೧೯೬೪ರಲ್ಲಿ ‘ಅಮೆರಿಕನ್ ಸ್ಪೀಚ್’ ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಆತ ಬಾಸ್ಟನ್ನಿನ ಮೂಲವನ್ನು ತೋರಿಸಿಕೊಟ್ಟ.

ಈ ಪದ ನಮ್ಮಲ್ಲಿ ಇಷ್ಟು ಸುಲಭವಾಗಿ ಬೇರೂರಿದ್ದಕ್ಕೆ ನನಗೆ ತೋರುವ ಕಾರಣವೊಂದಿದೆ. ಕನ್ನಡದ ‘ಸರಿ’ಯೂ ಇದೇ ದಾರಿ ನಡೆದ ಮಾತು. ಲೆಕ್ಕ ಸರಿ ಎಂದರೆ ತಪ್ಪಿಲ್ಲ. ಸರಿ, ಬರುತ್ತೇನೆ ಎಂದರೆ ಒಪ್ಪಿಗೆ. ಸರಿ ಬಿಡಿ ಎಂದರೆ ಒಪ್ಪಿಗೆಯೂ ಇಲ್ಲ, ಜಗಳವೂ ಬೇಡ. ಓಕೆಯೂ ಹಾಗೆಯೇ ಸರಿತನದಿಂದ ಸಮ್ಮತಿಗೆ ಇಳಿದು, ಈಗ ಅದಕ್ಕಿಂತಲೂ ಕೆಳಗಿನ ಮೆಟ್ಟಿಲಲ್ಲಿ ನಿಂತಿದೆ. ಅನುಮಾನವಿದ್ದವರು ಊಟ ಮುಗಿಸಿ, ಅಡಿಗೆ ಹೇಗಿತ್ತೆಂಬ ಪ್ರಶ್ನೆಗೆ ‘ಓಕೆ’ ಎಂದು ಉತ್ತರ ಕೊಟ್ಟು, ಬಡಿಸಿದವರ ಮುಖವನ್ನೊಮ್ಮೆ ನೋಡಬಹುದು.