ಗಿಟಾರು, ಮೈಕು ಮತ್ತು ಮನೆಯ ಕೋಣೆ
ಮನೆಯನ್ನೇ ಸ್ಟುಡಿಯೊ ಮಾಡಿಕೊಳ್ಳುವುದು ಕನ್ನಡನಾಡಿಗೆ ಹಳೆಯ ಸಂಗತಿ. ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಶುರುಮಾಡಿದ್ದರು. ಆದರೆ ಅದು ಪ್ರಸಾರ. ಧ್ವನಿಮುದ್ರಣ ಮಾತ್ರ ಬಹುಕಾಲ ದೊಡ್ಡ ಯಂತ್ರ, ದೊಡ್ಡ ದುಡ್ಡು ಇದ್ದವರ ಪಾಲೇ ಆಗಿತ್ತು. ಕನ್ನಡ ಚಿತ್ರಗೀತೆಗಳಿಗೂ ದಶಕಗಳ ಕಾಲ ಮದರಾಸೇ ಗತಿ. ಶಂಕರ್ ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೊ ಕಟ್ಟಿದ ಮೇಲೆ ಆ ಓಡಾಟ ತುಸು ತಗ್ಗಿತು.

ಧ್ವನಿಮುದ್ರಣವನ್ನು ಮನೆಯೊಳಗೆ ತಂದದ್ದು ಕ್ಯಾಸೆಟ್ಟು. ಜಪಾನಿನ ಟಿಯಾಕ್ ಕಂಪನಿಯ ಪೋರ್ಟಾಸ್ಟುಡಿಯೊ 1979ರಲ್ಲಿ ಬಂತು. ಮಾಮೂಲಿ ಕ್ಯಾಸೆಟ್ಟಿನಲ್ಲೇ ನಾಲ್ಕು ಟ್ರ್ಯಾಕ್, ಅಂದರೆ ನಾಲ್ಕು ದನಿಗಳನ್ನು ಬೇರೆಬೇರೆಯಾಗಿ ಹಿಡಿಯುವ ಯಂತ್ರ. 1982ರ ಜನವರಿಯಲ್ಲಿ ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಎರಡು ಶೂರ್ ಎಸ್‌ಎಂ57 ಮೈಕ್ ಇಟ್ಟು ಅದರಲ್ಲಿ ಹಾಡಿಟ್ಟ. ಅದು ಬರೀ ಕರಡು. ಬ್ಯಾಂಡಿನೊಂದಿಗೆ ಮತ್ತೆ ನುಡಿಸಿದ್ದು ಒಗ್ಗದೆ, ಆ ಕರಡೇ ‘ನೆಬ್ರಾಸ್ಕಾ’ ಆಲ್ಬಮ್ ಆಯಿತು. ನಾದ ಮಸುಕಾಗಿದೆ, ನಿಜ. ಗಿಟಾರಿನ ಬೆರಳಾಟ ಮಾತ್ರ ಪಕ್ಕದಲ್ಲೇ ಕೂತು ಕೇಳಿದಂತಿದೆ.

ಹತ್ತು ವರ್ಷಕ್ಕೆ ಇದಕ್ಕೆ ಪೂರಾ ಎದುರು ದಾರಿಯೂ ಕಂಡಿತು. ವಿಶ್ವಮೋಹನ ಭಟ್ಟರ ಮೋಹನವೀಣೆ (ಅದೂ ಮಾರ್ಪಡಿಸಿದ ಗಿಟಾರೇ) ಮತ್ತು ಅಮೆರಿಕದ ರೈ ಕೂಡರ್ ಗಿಟಾರಿನ ಜುಗಲ್‌ಬಂದಿಯನ್ನು ಕವಿ ಅಲೆಕ್ಸಾಂಡರ್ ಎಂಬ ಧ್ವನಿಮುದ್ರಕರು 1992ರಲ್ಲಿ ಸಾಂಟಾ ಬಾರ್ಬರಾದ ಪ್ರಾರ್ಥನಾ ಮಂದಿರವೊಂದರಲ್ಲಿ ಮುದ್ರಿಸಿದರು. ಬ್ರಿಟನ್ನಿನ ಎಂಜಿನಿಯರ್ ಬ್ಲುಮ್ಲೈನ್ 1930ರ ದಶಕದಲ್ಲೇ ರೂಪಿಸಿದ್ದ ಜೋಡಿ ಮೈಕಿನ ಸ್ಟೀರಿಯೊ ವಿಧಾನ ಅದು. ಅರ್ಧ ಕೆಲಸ ಆ ಕಟ್ಟಡದ್ದೇ. ಆ ಆಲ್ಬಮ್‌ಗೆ ಗ್ರ್ಯಾಮಿ ಪ್ರಶಸ್ತಿ ಬಂದದ್ದು 1994ರಲ್ಲಿ.

ಆಮೇಲಿನದು ಕಂಪ್ಯೂಟರಿನ ಕಥೆ. 2000ದಲ್ಲಿ ಆಡಾಸಿಟಿ ಎಂಬ ಧ್ವನಿಮುದ್ರಣ ತಂತ್ರಾಂಶ ಪುಕ್ಕಟೆ ಸಿಕ್ಕಿತು, 2011ರಲ್ಲಿ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಫೋಕಸ್‌ರೈಟ್ ಸ್ಕಾರ್ಲೆಟ್‌ನಂಥ ಪುಟ್ಟ ಇಂಟರ್‌ಫೇಸ್ ಬಂತು. ಯಂತ್ರದ ನೆಪ ಅಲ್ಲಿಗೆ ಮುಗಿಯಿತು. ಈಗ ತೊಡಕಿರುವುದು ಕೋಣೆಯಲ್ಲಿ.

ವಿಶಾಖಪಟ್ಟಣದ ಋಷಿಕೊಂಡವನ್ನೇ ನೋಡಿ. ಗುಡ್ಡದ ಮೇಲೆ ರಾಮಾನಾಯ್ಡು ಸ್ಟುಡಿಯೊ, ಕೆಳಗೆ ಕಡಲು. ದಡದ ಮನೆಯಲ್ಲಿ ಗಿಟಾರ್ ಹಿಡಿದು ಕೂತವರಿಗೆ ಮೊದಲ ಎದುರಾಳಿ ಅಲೆ. ಗಿಟಾರಿನ ಅತಿ ಮಂದ್ರ ತಂತಿ ಸುಮಾರು 82 ಹರ್ಟ್ಸ್. ಹಾಗಾಗಿ ಫಿಲ್ಟರ್ ಹಾಕಿ 70ಕ್ಕಿಂತ ಕೆಳಗಿನದನ್ನು ಕತ್ತರಿಸಿದರೆ ರಸ್ತೆಯ ಲಾರಿಯ ಗುಡುಗು ಬಹುಪಾಲು ಹೋಗುತ್ತದೆ, ವಾದ್ಯಕ್ಕೆ ನಷ್ಟವಿಲ್ಲ. ಅಲೆಯ ಮೊರೆತ ಹಾಗಲ್ಲ, ಎಲ್ಲ ಸ್ತರಗಳಲ್ಲೂ ಹರಡಿರುತ್ತದೆ. ಫಿಲ್ಟರ್ ಅದಕ್ಕೆ ಮದ್ದಲ್ಲ. ಕಿಟಕಿ ಮುಚ್ಚಬೇಕು, ಫ್ಯಾನ್ ನಿಲ್ಲಿಸಬೇಕು, ಬೆವರಬೇಕು. ಇನ್ನು ತೇವ: ಗಿಟಾರಿನ ಮರಕ್ಕೆ ಶೇ 45ರಿಂದ 55ರಷ್ಟು ಆರ್ದ್ರತೆ ಹಿತ. ಅದು ಮೀರಿದರೆ ಮೇಲ್ಹಲಗೆ ಉಬ್ಬಿ ತಂತಿ ಎತ್ತರವಾಗುತ್ತದೆ, ನಾದ ಮಂಕಾಗುತ್ತದೆ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಡುವುದು ಅದಕ್ಕೇ.

ಬರಿಗೋಡೆಯ ಕೋಣೆಗಿಂತ ಹಾಸಿಗೆ, ಬಟ್ಟೆ, ಪುಸ್ತಕ ತುಂಬಿದ ಕೋಣೆ ಮೇಲು. ಮೈಕನ್ನು ಹನ್ನೆರಡನೆಯ ಫ್ರೆಟ್‌ನ ಎದುರು 20–30 ಸೆಂಟಿಮೀಟರ್ ದೂರದಲ್ಲಿಡುವುದು ರೂಢಿ. ನಾದರಂಧ್ರದ ಮುಂದೆಯೇ ಇಟ್ಟರೆ ಒಡಲಿನ ಗಾಳಿ 100 ಹರ್ಟ್ಸ್ ಆಸುಪಾಸಿನಲ್ಲಿ ಅನುರಣಿಸಿ ಬರೀ ಗುಂಯ್‌ಗುಡುತ್ತದೆ. 24 ಬಿಟ್‌ನಲ್ಲಿ ಮುದ್ರಿಸುವಾಗ ಮಟ್ಟ ಮೈನಸ್ 12 ಡೆಸಿಬಲ್ ದಾಟದಿದ್ದರೂ ಸಾಕು. ಎರಡನೆಯ ಮೈಕ್ ಇಟ್ಟವರು ಒಮ್ಮೆ ಮೋನೊದಲ್ಲೂ (ಎರಡನ್ನೂ ಒಂದಾಗಿ ಬೆರೆಸಿ) ಕೇಳಬೇಕು: ದನಿ ತೆಳುವಾಯಿತೆಂದರೆ ಎರಡೂ ಮೈಕಿನ ಅಲೆಗಳು ಒಂದನ್ನೊಂದು ಅಳಿಸುತ್ತಿವೆ, ಒಂದು ಮೈಕನ್ನು ನಾಲ್ಕು ಬೆರಳು ಸರಿಸಿ ಮತ್ತೆ ಕೇಳಬೇಕು.